ಕಾಜಿರಂಗಕ್ಕೆ ಪ್ರವಾಹ ಬರದಂತೆ ಗೋಡೆ ಕಟ್ಟಬೇಕೆ? ಒಂದು ಸ್ಪಷ್ಟನೆ

ಪ್ರತಿ ಮಳೆಗಾಲದಲ್ಲೂ ಒಂದು ಸಂದೇಶ ಹರಿದಾಡುತ್ತದೆ: 'ಬ್ರಹ್ಮಪುತ್ರದ ನೆರೆ ಕಾಜಿರಂಗವನ್ನು ನಾಶ ಮಾಡುತ್ತಿದೆ, ಸುತ್ತ ಎತ್ತರದ ಒಡ್ಡು ಹಾಕಿದರೆ ಪ್ರಾಣಿಗಳು ಉಳಿಯುತ್ತವೆ.' ಸಾವುಗಳು ನಿಜ, ಅದರಲ್ಲೂ ಹಾಗ್ ಡೀರ್ ಎಂಬ ಗಿಡ್ಡ ಜಿಂಕೆಗಳು ಹೆಚ್ಚು ಸಾಯುತ್ತವೆ. ಆದರೆ ಪರಿಹಾರ ತಪ್ಪು.

ಅಸ್ಸಾಮಿನ ಈ ಉದ್ಯಾನ ನೆರೆಯಿಂದಲೇ ರೂಪುಗೊಂಡದ್ದು. ಇಲ್ಲಿನ ಕೆರೆಗಳಿಗೆ 'ಬೀಲ್' ಎನ್ನುತ್ತಾರೆ. ಅವುಗಳ ಮೇಲೆ ವಾಟರ್ ಹಯಸಿಂತ್ ಎಂಬ ತೇಲುವ ಕಳೆ ಹಬ್ಬುತ್ತದೆ. ಅದರ ಎಲೆತೊಟ್ಟು ಉಬ್ಬಿ, ಒಳಗೆ ಸ್ಪಂಜಿನಂತೆ ಗಾಳಿ ತುಂಬಿರುತ್ತದೆ. ಗಿಡಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾದರೆ ಬೆಳಕು ಕೆಳಗಿಳಿಯುವುದಿಲ್ಲ, ನೀರಲ್ಲಿ ಆಮ್ಲಜನಕ ಕುಸಿಯುತ್ತದೆ. ನೆರೆ ಆ ಚಾಪೆಗಳನ್ನು ಕಿತ್ತು ನದಿಗೆ ಒಯ್ಯುತ್ತದೆ, ಮೀನುಗಳನ್ನು ಬೀಲಿಗೆ ತರುತ್ತದೆ, ಹುಲ್ಲಿಗೆ ಹೊಸ ಮೆಕ್ಕಲು ಹಾಸುತ್ತದೆ. ನೀರು ಬರದಿದ್ದರೆ ಬೀಲ್‌ಗಳು ಹೂತುಹೋಗಿ, ಹುಲ್ಲುಗಾವಲಿಗೆ ಬೂರುಗದಂಥ ಮರಗಳು ನುಗ್ಗುತ್ತವೆ. ಘೇಂಡಾಮೃಗಕ್ಕೆ ಬೇಕಾದದ್ದು ಹುಲ್ಲು ಮತ್ತು ಕೆಸರುಗುಂಡಿ, ದಟ್ಟ ಕಾಡಲ್ಲ.

ನೀರೇರಿದಾಗ ಪ್ರಾಣಿಗಳು ದಕ್ಷಿಣದ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳತ್ತ ಹೊರಡುತ್ತವೆ. ನಡುವೆ ರಾಷ್ಟ್ರೀಯ ಹೆದ್ದಾರಿ ಇದೆ. ತಡೆ ಬೀಳುವುದು ಅಲ್ಲಿ: ವೇಗದ ಲಾರಿ, ದಾರಿಗಡ್ಡ ಎದ್ದ ಕಟ್ಟಡ, ಬೇಲಿ. ಒಡ್ಡು ಕಟ್ಟಿದರೆ ಇದ್ಯಾವುದೂ ಸರಿಹೋಗುವುದಿಲ್ಲ. ಜೊತೆಗೆ, ಒಡ್ಡು ಒಡೆದ ಜಾಗದಲ್ಲಿ ನೀರು ಮೆಲ್ಲಗೆ ಏರದೆ ಒಮ್ಮೆಲೆ ನುಗ್ಗುತ್ತದೆ, ಮರಿಗಳಿಗೆ ಓಡಲು ಸಮಯವೇ ಸಿಗದು.

ಕೆಲಸಕ್ಕೆ ಬರುವುದು ಬೆಟ್ಟದ ದಾರಿಗಳನ್ನು ತೆರೆದಿಡುವುದು, ಉದ್ಯಾನದೊಳಗಿನ ಎತ್ತರದ ದಿಬ್ಬಗಳನ್ನು ಸುಸ್ಥಿತಿಯಲ್ಲಿಡುವುದು. ನೆರೆಯ ದಿನಗಳಲ್ಲಿ ಆ ಹೆದ್ದಾರಿಯಲ್ಲಿ ಹೋಗುವವರು ಗಂಟೆಗೆ 40 ಕಿ.ಮೀ. ಮಿತಿ ಪಾಲಿಸಿ. ದಯವಿಟ್ಟು, ದಾಟುತ್ತಿರುವ ಜಿಂಕೆಯ ಫೋಟೋಗಾಗಿ ಗಾಡಿ ನಿಲ್ಲಿಸಬೇಡಿ. ಬೆದರಿದ ಜಿಂಕೆ ಮತ್ತೆ ನೀರಿಗೇ ತಿರುಗುತ್ತದೆ.