ಒಂದೊಂದೇ ಸರಿಸು, ಒಂದೊಂದೇ ಡಿಲೀಟ್ ಮಾಡು

ಪೂರಾ ಒಂದು ಗಂಟೆ ಹಾಳು ಮಾಡಿಕೊಂಡು ಈಗಷ್ಟೇ ಬಂದು ಕೂತಿದ್ದೇನೆ. ಸಿಟ್ಟು ಇಳಿಯುವುದಕ್ಕೆ ಮೊದಲೇ ಬರೆದುಬಿಡುತ್ತೇನೆ.

ಫೋನಿನಲ್ಲಿ ಜಾಗ ಇಲ್ಲ ಅಂತ ಬೆಳಗ್ಗೆಯಿಂದ ಸೂಚನೆ ಬರುತ್ತಿತ್ತು. ನೋಡಿದರೆ ಪಾಡ್‌ಕಾಸ್ಟ್ ಆ್ಯಪ್ ಒಂದೇ 11 ಜಿಬಿ ನುಂಗಿ ಕೂತಿದೆ. ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ನಡೆಯಲು ಹೋದಾಗ ಕಿವಿಯಲ್ಲಿ ಯಾರಾದರೂ ಮಾತಾಡುತ್ತಲೇ ಇರಬೇಕು. 128 ಕೆಬಿಪಿಎಸ್ ಎಂಪಿ3 ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ಲೆಕ್ಕ ಹಾಕಿದರೆ 190 ಗಂಟೆಗಳ ಮಾತು! ಎಂಟು ದಿನ ನಿದ್ದೆಗೆಟ್ಟು ಕೇಳಬೇಕು.

ಸರಿ, ಸ್ವಲ್ಪ ಖಾಲಿ ಮಾಡೋಣ ಅಂತ ಕೂತೆ.

ಒಂದು ಎಪಿಸೋಡನ್ನು ಬೆರಳಿನಿಂದ ಎಡಕ್ಕೆ ಸರಿಸಬೇಕು. ಕೆಂಪು ಬಟನ್ ಬರುತ್ತದೆ. ಒತ್ತಬೇಕು. 'ನಿಜವಾಗಿಯೂ ಡಿಲೀಟ್ ಮಾಡಬೇಕೇ?' ಅಂತ ಕೇಳುತ್ತದೆ. ಹೌದಪ್ಪಾ ಹೌದು. ಆಮೇಲೆ ಲಿಸ್ಟ್ ಸೀದಾ ಮೇಲಕ್ಕೆ ಹಾರುತ್ತದೆ. ಎಲ್ಲಿದ್ದೆ ಅಂತ ಹುಡುಕಿಕೊಂಡು ಮತ್ತೆ ಕೆಳಗೆ ಬರಬೇಕು. ಮತ್ತೆ ಎಡಕ್ಕೆ ಸರಿಸಬೇಕು. ಇದೇ ಕೆಲಸ ಕಂಪ್ಯೂಟರ್‌ನಲ್ಲಾದರೆ ಮೊದಲನೆಯದರ ಮೇಲೆ ಕ್ಲಿಕ್, ಶಿಫ್ಟ್ ಒತ್ತಿ ಕೊನೆಯದರ ಮೇಲೆ ಕ್ಲಿಕ್, ಡಿಲೀಟ್. ಮುಗಿಯಿತು. ಇಲ್ಲಿ 63 ಎಪಿಸೋಡ್ ತೆಗೆಯುವಷ್ಟರಲ್ಲಿ ಹೆಬ್ಬೆರಳು ಸೋತುಹೋಯಿತು. ಉಳಿದದ್ದು ಇನ್ನೂ ಅಲ್ಲೇ ಇದೆ.

ಅಷ್ಟೇ ಆಗಿದ್ದರೆ ಈ ಪೋಸ್ಟ್ ಬರೆಯುತ್ತಿರಲಿಲ್ಲ. 64ನೆಯದನ್ನು ಸರಿಸುವಾಗ ಬೆರಳು ಜಾರಿ ಅದರ ಕೆಳಗಿದ್ದದ್ದು ಹೋಯಿತು. ಅದು ಎರಡು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ಸಂದರ್ಶನ. ಮತ್ತೆ ಡೌನ್‌ಲೋಡ್ ಮಾಡೋಣ ಅಂತ ಹೋದರೆ ಇಲ್ಲ. ಎಷ್ಟೋ ಪಾಡ್‌ಕಾಸ್ಟ್‌ಗಳ ಫೀಡ್‌ನಲ್ಲಿ, ಅಂದರೆ ಆ್ಯಪ್‌ಗೆ ಸಿಗುವ ಪಟ್ಟಿಯಲ್ಲಿ, ಇತ್ತೀಚಿನ ಒಂದಷ್ಟು ಎಪಿಸೋಡ್ ಮಾತ್ರ ಇರುತ್ತವೆ. ಹೊಸದು ಬಂದಂತೆ ಹಳೆಯದು ಉದುರಿಹೋಗುತ್ತದೆ. ನನ್ನದೂ ಉದುರಿತ್ತು. ನನ್ನ ಹತ್ತಿರ ಇದ್ದ ಒಂದೇ ಪ್ರತಿ ಅದು. 'ಹಿಂದಕ್ಕೆ ತಾ' ಅನ್ನುವ ಬಟನ್ ಈ ಆ್ಯಪ್‌ನಲ್ಲಿ ಇಲ್ಲವೇ ಇಲ್ಲ.

ಮೊದಲೇ ಬೇರೆ ಕಡೆ ಎತ್ತಿಟ್ಟುಕೊಳ್ಳಬಾರದಿತ್ತಾ ಅಂತ ಕೇಳುತ್ತೀರಿ. ಎತ್ತಿಡಲು ಬಿಟ್ಟರಲ್ಲವೇ! ಡೌನ್‌ಲೋಡ್ ಆದದ್ದೆಲ್ಲ ಆ್ಯಪ್‌ನ ಒಳಕೋಣೆಯಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ. ಪೆನ್‌ಡ್ರೈವ್‌ಗೆ ಹಾಕುವ ಹಾಗಿಲ್ಲ, ಇನ್ನೊಂದು ಆ್ಯಪ್‌ನಲ್ಲಿ ತೆರೆಯುವ ಹಾಗಿಲ್ಲ. ಆ್ಯಪ್ ತೆಗೆದರೆ ಒಳಗಿದ್ದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಪಾಡ್‌ಕಾಸ್ಟ್ ಅಂದರೆ ಏನು ಹೇಳಿ? ಒಂದು ಆರ್‌ಎಸ್‌ಎಸ್ ಫೀಡ್ (ಹೊಸದೇನು ಬಂತು ಅಂತ ಆ್ಯಪ್‌ಗಳಿಗೆ ತಿಳಿಸುವ, ಇಂಟರ್ನೆಟ್‌ನಲ್ಲಿರುವ ಪಟ್ಟಿ), ಅದರೊಳಗೆ ಆಡಿಯೊ ಫೈಲ್‌ನ ವಿಳಾಸ. ಅಷ್ಟೇ. ಮಾಡಿದವರು ಯಾರು ಬೇಕಾದರೂ ಇಳಿಸಿಕೊಳ್ಳಲಿ ಅಂತಲೇ ಇಟ್ಟಿರುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ತಮಾಷೆ ನೋಡಿ. ಪಾಡ್‌ಕಾಸ್ಟ್ ಅನ್ನುವ ಹೆಸರಿನಲ್ಲೇ ಐಪಾಡ್‌ನ, ಅಂದರೆ ಆ್ಯಪಲ್‌ನವರ ಜೇಬಿನ ಹಾಡುಪೆಟ್ಟಿಗೆಯ, 'ಪಾಡ್' ಇದೆ. 2004ರಲ್ಲಿ ಬೆನ್ ಹ್ಯಾಮರ್ಸ್ಲಿ ಅನ್ನುವ ಪತ್ರಕರ್ತ ಆ ಪದವನ್ನು ಬರೆದಾಗ ಸ್ಮಾರ್ಟ್‌ಫೋನ್‌ನಲ್ಲಿ ಇದನ್ನೆಲ್ಲ ಮಾಡುವ ಮಾತೇ ಇರಲಿಲ್ಲ. 2005ರಲ್ಲಿ ಐಪಾಡ್‌ಗೆ ಹಾಡು ತುಂಬುವ ಕಂಪ್ಯೂಟರ್ ತಂತ್ರಾಂಶ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಬಂತು. ಕಂಪ್ಯೂಟರ್‌ನಲ್ಲಿ ಕೂತು ಆರಿಸುವುದು, ಜೋಡಿಸುವುದು, ಬೇಡದ್ದನ್ನು ಕಿತ್ತುಹಾಕುವುದು. ಆಮೇಲೆ ಕೇಬಲ್ ಚುಚ್ಚಿ ಜೇಬಿನ ಪೆಟ್ಟಿಗೆಗೆ ತುಂಬಿಕೊಂಡು ಹೊರಡುವುದು. ದೊಡ್ಡ ಪರದೆ ಅಚ್ಚುಕಟ್ಟು ಮಾಡಲು, ಚಿಕ್ಕದು ಕೇಳಲು. ಎಷ್ಟು ಸರಿಯಾಗಿತ್ತು! ಈಗ ಎರಡೂ ಕೆಲಸವನ್ನು ಅಂಗೈಯಗಲದ ಗಾಜಿನ ಮೇಲೆ ಹೆಬ್ಬೆರಳೇ ಮಾಡಬೇಕು.

ಜೋಡಿಸುವ ವಿಷಯವೇ ಬೇರೆ ರಗಳೆ. ನಲವತ್ತು ಭಾಗದ ಒಂದು ಇತಿಹಾಸ ಸರಣಿ ಶುರು ಮಾಡಿದೆ. ಆ್ಯಪ್ ಹೊಸದನ್ನು ಮೇಲಿಟ್ಟು ಕೊನೆಯ ಭಾಗದಿಂದ ಕೇಳಿಸಲು ಹೊರಟಿತು. ರಾಜ ಸತ್ತ ಮೇಲೆ ಹುಟ್ಟಿದ! ಸರಿ, ನಾನೇ ಸಾಲು ಹಚ್ಚುತ್ತೇನೆ ಅಂತ ಪಕ್ಕದ ಮೂರು ಗೆರೆ ಹಿಡಿದು ಎಳೆದರೆ, ಪರದೆಯಲ್ಲಿ ಒಂದು ಸಲಕ್ಕೆ ಕಾಣುವುದೇ ಏಳೆಂಟು. ನಲವತ್ತನೆಯದನ್ನು ಮೇಲಕ್ಕೆ ತರುವಷ್ಟರಲ್ಲಿ ಬೆರಳು ಜಾರುತ್ತದೆ. ಅದು ಇಪ್ಪತ್ತಮೂರರಲ್ಲಿ ಹೋಗಿ ಬೀಳುತ್ತದೆ.

ತಾನಾಗಿ ಡೌನ್‌ಲೋಡ್ ಆಗುವ ಕಥೆ ಹೇಳುವುದೇ ಬೇಡ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ತೆರೆಮರೆಯ ಕೆಲಸಗಳನ್ನೆಲ್ಲ ತನಗೆ ಮನಸ್ಸು ಬಂದಾಗ ಮಾಡುತ್ತದೆ. ಬೆಳಗ್ಗೆ ಹೊರಡುವ ಹೊತ್ತಿಗೆ ಏನೂ ಇಳಿದಿರುವುದಿಲ್ಲ.

'ಈ ಕಾಲದಲ್ಲೂ ಡೌನ್‌ಲೋಡ್ ಯಾಕೆ, ಸುಮ್ನೆ ಸ್ಟ್ರೀಮ್ ಮಾಡು' ಅನ್ನುವ ಜಾಣರು ಇಲ್ಲೂ ಬರುತ್ತಾರೆ. ಗೊತ್ತು. ಅವರು ಲಿಫ್ಟ್ ಹತ್ತುವುದಿಲ್ಲ, ಸುರಂಗದಲ್ಲಿ ಹೋಗುವುದಿಲ್ಲ, ವಿಮಾನದಲ್ಲಿ ಕೂರುವುದಿಲ್ಲ ಅಂತ ಕಾಣುತ್ತದೆ. ಇನ್ನೊಂದು ವಿಷಯ. ಈಗ ಜಾಹೀರಾತನ್ನು ಕೇಳುಗರಿಗೆ ತಕ್ಕಂತೆ, ಹೊತ್ತಿಗೆ ತಕ್ಕಂತೆ ಆಗಿಂದಾಗ ತುರುಕುತ್ತಾರೆ. ಗೆಳತಿಗೆ '23ನೇ ನಿಮಿಷದಿಂದ ಕೇಳು, ಅದ್ಭುತವಾಗಿದೆ' ಅಂತ ಕಳಿಸಿದ್ದೆ. ಅವಳ ಫೋನಿನಲ್ಲಿ 23ನೇ ನಿಮಿಷಕ್ಕೆ ಹಾಸಿಗೆಯ ಜಾಹೀರಾತು. 'ಹಾಸಿಗೆ ತಗೋಬೇಕಾ ಏನು?' ಅಂತ ಕೇಳಿದಳು. ಇಳಿಸಿಟ್ಟುಕೊಂಡ ಫೈಲ್ ಆದರೆ ಅಲ್ಲಾಡುವುದಿಲ್ಲ, ಅದನ್ನೇ ಕಳಿಸಬಹುದಿತ್ತು. ಆದರೆ ಬೀಗ ಇದೆಯಲ್ಲ!

'ಬೇರೆ ಆ್ಯಪ್ ಹಾಕು' ಅನ್ನುವವರಿಗೂ ಒಂದು ಮಾತು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಮೂಟೆಯ ಹೆಸರು ಒಪಿಎಂಎಲ್ ಫೈಲ್. ಅದರಲ್ಲಿ ಬರುವುದು ನೀವು ಸೇರಿಕೊಂಡ ಪಾಡ್‌ಕಾಸ್ಟ್‌ಗಳ ಪಟ್ಟಿ ಮಾತ್ರ. ಯಾವುದನ್ನು ಕೇಳಿದ್ದೀರಿ, ಎಲ್ಲಿಗೆ ನಿಲ್ಲಿಸಿದ್ದೀರಿ, ಆ ಲೆಕ್ಕ ಬರುವುದಿಲ್ಲ. ಹೊಸ ಮನೆಯಲ್ಲಿ ಎಲ್ಲವೂ 'ಕೇಳಿಲ್ಲ' ಅಂತ ಸಾಲಾಗಿ ನಿಂತಿರುತ್ತವೆ. ಕೇಳಿದ್ದಕ್ಕೆಲ್ಲ ಗುರುತು ಹಾಕಬೇಕು. ಹೇಗೆ? ಬೆರಳಿನಿಂದ. ಒಂದೊಂದೇ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಇಳಿಸಿ ಕೇಬಲ್‌ನಿಂದ ಫೋನಿಗೆ ಹಾಕಿಯೂ ನೋಡಿದೆ. ಜೋಡಿಸುವ ಸುಖವೇನೋ ಸಿಕ್ಕಿತು. ಆದರೆ ನನ್ನ ಫೋನಿನ ಹಾಡು ಕೇಳಿಸುವ ಆ್ಯಪ್‌ಗೆ ಎಲ್ಲಿ ನಿಲ್ಲಿಸಿದ್ದೆ ಅನ್ನುವ ನೆನಪೇ ಇರುವುದಿಲ್ಲ. ಎರಡು ಗಂಟೆಯ ಮಾತಿನಲ್ಲಿ ಪ್ರತಿ ಸಲ ಜಾಗ ಹುಡುಕಬೇಕು. ಆದರೂ ಮತ್ತೆ ಅದಕ್ಕೇ ಹೋಗುತ್ತೇನೆ ಅನ್ನಿಸುತ್ತಿದೆ. ಜಾಗ ಹುಡುಕುವುದು ತಡೆದುಕೊಳ್ಳಬಹುದು. 'ನಿಜವಾಗಿಯೂ ಡಿಲೀಟ್ ಮಾಡಬೇಕೇ' ಅನ್ನುವುದನ್ನು ಇನ್ನೊಂದು ಸಲ ತಡೆದುಕೊಳ್ಳಲಾರೆ.

ಇಷ್ಟೆಲ್ಲ ಬೈದ ಮೇಲೆ ಒಂದು ನಿಜ ಹೇಳಿಬಿಡುತ್ತೇನೆ, ನಗಬೇಡಿ. ಹೋಯಿತು ಅಂತ ಗೋಳಾಡಿದೆನಲ್ಲ, ಆ ಸಂದರ್ಶನ, ಅದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಮನಸ್ಸು ಹಗುರವಾಗಿರುವ ದಿನ ಪುರುಸೊತ್ತಾಗಿ ಕೇಳಬೇಕು ಅಂತ ಎರಡು ವರ್ಷ ಎತ್ತಿಟ್ಟಿದ್ದೆ. ಆ 190 ಗಂಟೆಯಲ್ಲೂ ಇಪ್ಪತ್ತು ಗಂಟೆ ಕೇಳಿದರೆ ಜಾಸ್ತಿ. ಅದರಲ್ಲಿ ಒಂದು ಭಾಷೆ ಕಲಿಸುವ ಸರಣಿಯಿದೆ. ಮೊದಲ ಪಾಠವನ್ನು ಐದು ಸಲ ಕೇಳಿದ್ದೇನೆ. ಎರಡನೆಯದನ್ನು ಮುಟ್ಟಿಲ್ಲ. ಅದು ಆ್ಯಪ್‌ನ ತಪ್ಪಲ್ಲ, ಒಪ್ಪಿಕೊಂಡೆ.

ಬೆಳಗ್ಗೆ ಜಪ್ಪಯ್ಯ ಅಂದರೂ ಏನೂ ಇಳಿಸದ ಆ್ಯಪ್, ಇದನ್ನು ಬರೆಯುತ್ತಿರುವಾಗ ನಾಲ್ಕು ಹೊಸ ಎಪಿಸೋಡ್ ಇಳಿಸಿಕೊಂಡಿದೆ. ಜಾಗ ಇಲ್ಲ ಅನ್ನುವ ಸೂಚನೆ ಮತ್ತೆ ಬಂತು.