ಶರ್ಲಿ ಟೆಂಪಲ್ ಬಾಲ್ಯ ಸಿನಿಮಾದ ಪಾಲಾದದ್ದು ಸರಿಯೇ? ಪರ-ವಿರೋಧ

ಪರ: ಅವಳು ಕಲಿತದ್ದು ಒಂದು ಕಸುಬು

1930ರ ದಶಕದ ಹಾಲಿವುಡ್ ಬಾಲನಟಿ ಶರ್ಲಿ ಟೆಂಪಲ್ ಎಂದರೆ ಗುಂಗುರು ಕೂದಲು, ಗುಳಿಬೀಳುವ ಕೆನ್ನೆ ಎಂದಷ್ಟೇ ನೆನಪಿಟ್ಟುಕೊಂಡವರಿಗೆ ಅವಳ ಕೆಲಸ ಬರೀ ಮುದ್ದಾಟವಾಗಿ ಕಾಣುತ್ತದೆ. ‘ಪಾಪ, ಆ ಮಗುವಿನ ಬಾಲ್ಯ ಹಾಳಾಯಿತು’ ಎನ್ನುವವರೂ ಅದೇ ಕಣ್ಣಿನಿಂದ ನೋಡುತ್ತಾರೆ. ಅವಳು ಏನು ಮಾಡುತ್ತಿದ್ದಳು, ಹೇಗೆ ಮಾಡುತ್ತಿದ್ದಳು ಎಂಬುದು ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

1928ರ ಏಪ್ರಿಲ್ 23ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಹುಟ್ಟಿದ ಶರ್ಲಿ, ಮೂರು ವರ್ಷಕ್ಕೇ ನೃತ್ಯಶಾಲೆಗೆ ಸೇರಿದಳು. 1934ರ ಕೊನೆಗೆ ತೆರೆಕಂಡ ‘ಬ್ರೈಟ್ ಐಸ್’ ಚಿತ್ರದಲ್ಲಿ ‘ಆನ್ ದ ಗುಡ್ ಶಿಪ್ ಲಾಲಿಪಾಪ್’ ಹಾಡಿದಾಗ ಅವಳಿಗೆ ಆರು ವರ್ಷ. ಮರುವರ್ಷದ ಫೆಬ್ರವರಿಯಲ್ಲಿ ಅವಳ ಕೈಗೆ ಪುಟ್ಟ ಆಸ್ಕರ್ ಬಂತು. ಬಾಲಕಲಾವಿದರಿಗೆಂದೇ ಇದ್ದ ಆ ವಿಶೇಷ ಪ್ರಶಸ್ತಿ ಮೊದಲು ಸಂದದ್ದು ಅವಳಿಗೇ. 1935ರಿಂದ 1938ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಅವಳನ್ನು ಹಿಂದೆ ಹಾಕಿದ ತಾರೆ ಇರಲಿಲ್ಲ. ಮುದ್ದುಮುಖದ ಮಕ್ಕಳಿಗೆ ಹಾಲಿವುಡ್‌ನಲ್ಲಿ ಆಗಲೂ ಬರವಿರಲಿಲ್ಲ. ನಾಲ್ಕು ವರ್ಷ ಮೊದಲ ಸ್ಥಾನದಲ್ಲಿ ನಿಲ್ಲಲು ಮುದ್ದುಮುಖವೊಂದೇ ಸಾಲದು.

ಆ ಕಾಲದ ಸಂಗೀತಚಿತ್ರಗಳಲ್ಲಿ ಒಂದು ಹಾಡು ಹೇಗೆ ತಯಾರಾಗುತ್ತಿತ್ತು ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಮೊದಲು ಪಿಯಾನೋ ಜೊತೆ ತಾಲೀಮು. ಆಮೇಲೆ ವಾದ್ಯವೃಂದದೊಂದಿಗೆ ಧ್ವನಿಮುದ್ರಣ. ಚಿತ್ರೀಕರಣದ ದಿನ ಆ ಮುದ್ರಿತ ಹಾಡನ್ನು ಸೆಟ್‌ನಲ್ಲಿ ನುಡಿಸುತ್ತಾರೆ. ನಟಿ ತಾನೇ ಹಿಂದೆ ಹಾಡಿದ್ದಕ್ಕೆ ತುಟಿ ಕೂಡಿಸಬೇಕು, ಜೊತೆಗೆ ಹೆಜ್ಜೆ ಹಾಕಬೇಕು, ಕ್ಯಾಮೆರಾಕ್ಕಾಗಿ ನೆಲದ ಮೇಲೆ ಗುರುತು ಮಾಡಿದ ಜಾಗದಲ್ಲೇ ಬಂದು ನಿಲ್ಲಬೇಕು. ಬೂಟನ್ನು ನೆಲಕ್ಕೆ ಬಡಿದು ತಾಳ ಹಾಕುವ ಟ್ಯಾಪ್ ನೃತ್ಯವಿದ್ದರೆ ಆ ಸದ್ದನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಮುದ್ರಿಸುತ್ತಾರೆ. ಅಂದರೆ ತೆರೆಯ ಮೇಲಿನ ತನ್ನ ಕಾಲನ್ನೇ ನೋಡುತ್ತಾ, ಅದೇ ತಾಳಕ್ಕೆ ಮತ್ತೊಮ್ಮೆ ಕುಣಿಯಬೇಕು. ಎಲ್ಲಿ ಎಡವಟ್ಟಾಗುತ್ತದೆ? ಧ್ವನಿಮುದ್ರಣದಲ್ಲಿ ಉಸಿರೆಳೆದುಕೊಂಡ ಜಾಗವನ್ನು ಸೆಟ್‌ನಲ್ಲಿ ಮರೆತರೆ ತುಟಿ ಮುಚ್ಚಿರುವಾಗ ದನಿ ಕೇಳಿಸುತ್ತದೆ. ಆರು-ಏಳು ವರ್ಷದ ಮಗುವಾದರೆ ಇನ್ನೊಂದು ತೊಂದರೆ: ಹಾಲುಹಲ್ಲು ಬೀಳುತ್ತದೆ. ಆಗ ‘ಸ’ಕಾರ ಸಿಳ್ಳೆಯಾಗುತ್ತದೆ, ನಿನ್ನೆಯ ದೃಶ್ಯಕ್ಕೂ ಇಂದಿನದಕ್ಕೂ ಬಾಯಿ ಹೊಂದುವುದಿಲ್ಲ. ಶರ್ಲಿಯ ಬಾಯಿಗೆ ಕೃತಕ ಹಲ್ಲಿನ ಕವಚ ಕೂರಿಸಿ ಚಿತ್ರೀಕರಣ ನಡೆಸುತ್ತಿದ್ದರು. ಹಾಗಿದ್ದೂ ಒಂದೇ ಟೇಕ್‌ನಲ್ಲಿ ದೃಶ್ಯ ಮುಗಿಸುವವಳು ಎಂದು ಸ್ಟುಡಿಯೋದಲ್ಲಿ ಹೆಸರು ಗಳಿಸಿದ್ದಳು. ಈ ಹೆಸರು ನನಗೆ ಆ ಆಸ್ಕರ್‌ಗಿಂತ ದೊಡ್ಡದಾಗಿ ಕಾಣುತ್ತದೆ.

‘ದ ಲಿಟಲ್ ಕರ್ನಲ್’ (1935) ಚಿತ್ರದ ಮೆಟ್ಟಿಲ ನೃತ್ಯವನ್ನು ಇಂದಿಗೂ ನೃತ್ಯ ಬಲ್ಲವರು ಗಮನವಿಟ್ಟು ನೋಡುತ್ತಾರೆ. ಕಲಿಸಿದವರು, ಜೊತೆಗೆ ಕುಣಿದವರು ಬಿಲ್ ರಾಬಿನ್‌ಸನ್. ಆಗಲೇ ಐವತ್ತು ದಾಟಿದ್ದ, ತಮ್ಮ ಕಾಲದ ಟ್ಯಾಪ್ ಕಲಾವಿದರಲ್ಲಿ ಅಗ್ರಗಣ್ಯರು. ಕಾಲನ್ನು ನೋಡದೆ ಸದ್ದನ್ನು ಕೇಳಿ ಹೆಜ್ಜೆ ಹಿಡಿಯುವುದನ್ನು ಅವಳು ಅವರಿಂದ ಕಲಿತಳು. ಕಪ್ಪು ಪುರುಷನೊಬ್ಬ ಬಿಳಿ ಹುಡುಗಿಯ ಕೈಹಿಡಿದು ಕುಣಿಯುವುದನ್ನು ಸಹಿಸದ ಅಮೆರಿಕದ ದಕ್ಷಿಣ ರಾಜ್ಯಗಳ ಊರುಗಳಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿತ್ತು. ಗುರುವಿನ ಪಕ್ಕದಲ್ಲೇ ನಿಂತು, ನಿಜವಾದ ಕೆಲಸದ ನಡುವೆ ದೊರೆತ ಈ ಪಾಠ ಯಾವ ಶಾಲೆಯಲ್ಲೂ ಸಿಗುವಂಥದ್ದಲ್ಲ.

ಅವಳನ್ನು ಒಂಟಿಯಾಗಿ ಸ್ಟುಡಿಯೋದ ಕೈಗೆ ಬಿಟ್ಟಿರಲಿಲ್ಲ ಎಂಬುದೂ ಮುಖ್ಯ. ತಾಯಿ ಗರ್ಟ್ರೂಡ್ ದಿನವೂ ಸೆಟ್‌ನಲ್ಲಿರುತ್ತಿದ್ದರು. ರಾತ್ರಿ ಮಲಗುವ ಮುನ್ನ ಸಂಭಾಷಣೆ ಓದಿಸುತ್ತಿದ್ದವರು ಅವರೇ. ಮಗಳಿಗೆ ತನ್ನ ಮಾತಷ್ಟೇ ಅಲ್ಲ, ಎದುರಿನವರ ಮಾತೂ ಬಾಯಿಪಾಠವಾಗಿರುತ್ತಿತ್ತು. ಕೂದಲಿಗೆ ದಿನವೂ ಎಣಿಸಿ 56 ಸುರುಳಿ ಹಾಕುತ್ತಿದ್ದವರೂ ಅವರೇ. ಸ್ಟುಡಿಯೋ ಆವರಣದಲ್ಲಿ ಅವಳಿಗೆಂದೇ ಪುಟ್ಟ ಬಂಗಲೆ ಇತ್ತು, ಪಾಠಕ್ಕೆ ಖಾಸಗಿ ಶಿಕ್ಷಕಿ ಇದ್ದರು.

ಹಣದ ಮಾತು ಬಂದೇ ಬರುತ್ತದೆ. ಅವಳ ಗಳಿಕೆಯನ್ನು ತಂದೆ ಸರಿಯಾಗಿ ನೋಡಿಕೊಳ್ಳಲಿಲ್ಲ, ನಿಜ. ಅದು ಹಣ ಕಾಯಬೇಕಾದವರ ತಪ್ಪು. ಮನೆತನದ ಆಸ್ತಿ ಕೈಬಿಟ್ಟುಹೋದ ಮಕ್ಕಳು ಸಿನಿಮಾ ಮಾಡದ ಮನೆಗಳಲ್ಲೂ ಬೇಕಾದಷ್ಟು ಇದ್ದಾರೆ. ಅದಕ್ಕೆ ಔಷಧ ಬಿಗಿಯಾದ ಕಾನೂನು, ಕಲೆಯನ್ನೇ ನಿಷೇಧಿಸುವುದಲ್ಲ.

ಮುಂದಿನ ಬದುಕನ್ನು ನೋಡಿ. 22ನೇ ವಯಸ್ಸಿಗೆ ಚಿತ್ರರಂಗ ಬಿಟ್ಟರು. 1969ರಲ್ಲಿ ವಿಶ್ವಸಂಸ್ಥೆಗೆ ಅಮೆರಿಕದ ಪ್ರತಿನಿಧಿ; 1974ರಿಂದ 1976ರವರೆಗೆ ಘಾನಾದಲ್ಲಿ ರಾಯಭಾರಿ; ಅನಂತರ ಅಮೆರಿಕದ ಶಿಷ್ಟಾಚಾರ ವಿಭಾಗದ ಮುಖ್ಯಸ್ಥೆ, ಆ ಹುದ್ದೆಗೇರಿದ ಮೊದಲ ಮಹಿಳೆ. 1972ರಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದಾಗ, ಹೆಂಗಸರು ಆ ರೋಗದ ಹೆಸರೆತ್ತಲೂ ಹಿಂಜರಿಯುತ್ತಿದ್ದ ಕಾಲದಲ್ಲಿ, ಅದನ್ನು ಬಹಿರಂಗವಾಗಿ ಹೇಳಿದರು. ಜನ ಕೇಳಿದರು, ಏಕೆಂದರೆ ಆ ದನಿ ಅವರಿಗೆ ನಲವತ್ತು ವರ್ಷದ ಪರಿಚಯ. ಹೇಳಿದ ಹೊತ್ತಿಗೆ ಹಾಜರಿರುವುದು, ಪುಟಗಟ್ಟಲೆ ಓದಿ ನೆನಪಿಡುವುದು, ನೂರು ಜನರ ನಡುವೆ ವಿಚಲಿತಳಾಗದಿರುವುದು: ರಾಯಭಾರಿಗೆ ಬೇಕಾದ ಇವೆಲ್ಲ ಅವರಿಗೆ ಆರನೇ ವರ್ಷಕ್ಕೇ ರೂಢಿಯಾಗಿದ್ದವು. 1989ರ ಆಗಸ್ಟ್‌ನಲ್ಲಿ ಚೆಕೊಸ್ಲೊವಾಕಿಯಾಕ್ಕೆ ರಾಯಭಾರಿಯಾಗಿ ಹೋದರು. ಮೂರೇ ತಿಂಗಳಲ್ಲಿ ಅಲ್ಲಿನ ಕಮ್ಯುನಿಸ್ಟ್ ಆಡಳಿತ ಕುಸಿಯಿತು. ಇತಿಹಾಸ ಹೊರಳುತ್ತಿದ್ದ ಆ ವಾರಗಳಲ್ಲಿ ಪ್ರಾಗ್‌ನಲ್ಲಿ ಅಮೆರಿಕವನ್ನು ಪ್ರತಿನಿಧಿಸುತ್ತಿದ್ದವರು ಆ ಹಳೆಯ ಬಾಲನಟಿ.

ವಿರೋಧ: ಬದುಕಿ ಉಳಿದದ್ದನ್ನು ಒಪ್ಪಿಗೆ ಎನ್ನಬೇಡಿ

ಪರವಾಗಿ ಬರೆದವರು ಕಥೆಯನ್ನು 1934ರಿಂದ ಶುರುಮಾಡಿದ್ದಾರೆ. ಎರಡು ವರ್ಷ ಹಿಂದಕ್ಕೆ ಹೋಗೋಣ.

1932ರಲ್ಲಿ ‘ಬೇಬಿ ಬರ್ಲೆಸ್ಕ್ಸ್’ ಎಂಬ ಕಿರುಚಿತ್ರಗಳ ಸರಣಿ ಶುರುವಾಯಿತು. ದೊಡ್ಡವರ ಸಿನಿಮಾಗಳನ್ನು ಅಣಕಿಸುವ ಚಿತ್ರಗಳು. ಪಾತ್ರಧಾರಿಗಳು ಶರ್ಲಿಯೂ ಸೇರಿ ಮೂರು-ನಾಲ್ಕು ವರ್ಷದ ಮಕ್ಕಳು. ಸೊಂಟದಿಂದ ಕೆಳಗೆ ದೊಡ್ಡ ಪಿನ್ನು ಸಿಕ್ಕಿಸಿದ ಲಂಗೋಟಿ, ಮೇಲೆ ದೊಡ್ಡವರ ವೇಷ. ತಾಲೀಮಿನ ದಿನಗಳಿಗೆ ಸಂಬಳವಿಲ್ಲ, ಚಿತ್ರೀಕರಣದ ದಿನಕ್ಕೆ ಮಾತ್ರ 10 ಡಾಲರ್. ಹೇಳಿದಂತೆ ಕೇಳದ ಮಗುವನ್ನು ಕತ್ತಲೆಯ ಪೆಟ್ಟಿಗೆಯಂಥ ಪುಟ್ಟ ಕೋಣೆಗೆ ಹಾಕುತ್ತಿದ್ದರು. ಕೂರಲು ಒಂದು ಮಂಜುಗಡ್ಡೆ. 1988ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಶರ್ಲಿಯೇ ಇದನ್ನು ಬರೆದಿದ್ದಾರೆ. ಸಮಯ ಹಾಳುಮಾಡಬಾರದೆಂದು ಅಲ್ಲಿ ಕಲಿತೆ ಎಂಬ ಧಾಟಿಯಲ್ಲಿ, ಯಾವ ಕಹಿಯೂ ಇಲ್ಲದೆ ಬರೆದಿದ್ದಾರೆ. ನನ್ನನ್ನು ಹೆಚ್ಚು ಕಲಕುವುದು ಆ ಕಹಿಯಿಲ್ಲದಿರುವಿಕೆಯೇ. ‘ಒಂದೇ ಟೇಕ್‌ನಲ್ಲಿ ಮುಗಿಸುವವಳು’ ಎಂಬ ಹೊಗಳಿಕೆಯ ಬೇರು ಎಲ್ಲಿದೆ ಎಂದು ಕೇಳಿಕೊಂಡರೆ, ಆ ಮಂಜುಗಡ್ಡೆಯನ್ನು ದಾಟಿ ಮುಂದೆ ಹೋಗಲಾಗುವುದಿಲ್ಲ.

ಇನ್ನು 1934. ಆ ಒಂದೇ ವರ್ಷ ಅವಳು ಕಾಣಿಸಿಕೊಂಡ ಚಿತ್ರಗಳು ಎಂಟಕ್ಕೂ ಹೆಚ್ಚು. ವಯಸ್ಸು ಐದರಿಂದ ಆರಕ್ಕೆ ಕಾಲಿಡುತ್ತಿತ್ತು. ಅದೂ ಸ್ಟುಡಿಯೋ ಲೆಕ್ಕದಲ್ಲಿ ಒಂದು ವರ್ಷ ಕಡಿಮೆ. ಪುಟ್ಟವಳಾದಷ್ಟೂ ಪ್ರತಿಭೆ ಅದ್ಭುತವೆನಿಸುತ್ತದೆ ಎಂದು ಅವಳ ಹುಟ್ಟಿದ ವರ್ಷವನ್ನೇ ಮುಂದೂಡಿದ್ದರು. ತನಗೆ ಹನ್ನೆರಡು ತುಂಬಿತು ಎಂದುಕೊಂಡ ದಿನ, ತುಂಬಿದ್ದು ಹದಿಮೂರು ಎಂದು ಅವಳಿಗೆ ಗೊತ್ತಾಯಿತು. ಮಗುವಿಗೆ ತನ್ನ ವಯಸ್ಸಿಗಿಂತ ಸ್ವಂತದ್ದು ಇನ್ನೇನಿದೆ?

ಸೆಟ್‌ನ ಪಾಠವನ್ನೂ ವಿಚಾರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂದು ಜಾರಿಯಲ್ಲಿರುವ, ಆಗಿನದಕ್ಕಿಂತ ಬಿಗಿಯಾದ ನಿಯಮದ ಪ್ರಕಾರವೂ ಆರರಿಂದ ಒಂಬತ್ತು ವರ್ಷದ ಮಗು ದಿನಕ್ಕೆ ಎಂಟು ಗಂಟೆ ಸೆಟ್‌ನಲ್ಲಿರಬಹುದು: ನಾಲ್ಕು ಗಂಟೆ ಕೆಲಸ, ಮೂರು ಗಂಟೆ ಪಾಠ, ಒಂದು ಗಂಟೆ ವಿಶ್ರಾಂತಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಮೂರು ಗಂಟೆ ಒಟ್ಟಿಗೆ ಸಿಗುವುದಿಲ್ಲ. ದೀಪ ಹೊಂದಿಸುವಾಗ ಇಪ್ಪತ್ತು ನಿಮಿಷ, ಸೆಟ್ ಬದಲಿಸುವಾಗ ಇನ್ನಷ್ಟು; ಭಾಗಾಕಾರದ ನಡುವೆ ಕರೆ ಬರುತ್ತದೆ, ಹೋಗಿ ಅಳಬೇಕು ಇಲ್ಲವೇ ಹಾಡಬೇಕು, ಮತ್ತೆ ಬಂದು ಶೇಷ ಎಷ್ಟೆಂದು ಹುಡುಕಬೇಕು. ಪಕ್ಕದ ಬೆಂಚಿನಲ್ಲಿ ಜಗಳವಾಡಲು ಸ್ನೇಹಿತೆಯಿಲ್ಲ. ಶರ್ಲಿ ಎಲ್ಲರಂತೆ ಶಾಲೆಗೆ ಹೋದದ್ದು 1940ರಲ್ಲಿ, ಅವಳ ಚಿತ್ರಗಳನ್ನು ತಯಾರಿಸುತ್ತಿದ್ದ ಫಾಕ್ಸ್ ಸ್ಟುಡಿಯೋದ ನಂಟು ಕಡಿದ ಮೇಲೆ.

ಹಣ ಕಾಯುವವರ ತಪ್ಪಷ್ಟೇ ಎಂಬ ಮಾತನ್ನು ಒಪ್ಪಲಾರೆ, ಏಕೆಂದರೆ ವ್ಯವಸ್ಥೆಯೇ ಹಾಗಿತ್ತು. ಆಗಿನ ಕಾನೂನಿನಲ್ಲಿ ಅಪ್ರಾಪ್ತ ಮಗುವಿನ ಗಳಿಕೆ ತಂದೆತಾಯಿಗೆ ಸೇರಿದ್ದು. ಚಾಪ್ಲಿನ್ ಜೊತೆ ‘ದ ಕಿಡ್’ (1921) ಚಿತ್ರದಲ್ಲಿ ನಟಿಸಿದ ಬಾಲನಟ ಜಾಕಿ ಕೂಗನ್ ಲಕ್ಷಾಂತರ ಡಾಲರ್ ಗಳಿಸಿದ್ದ. ದೊಡ್ಡವನಾಗಿ ಕೇಳಿದಾಗ ಹೆಚ್ಚೇನೂ ಉಳಿದಿರಲಿಲ್ಲ; 1938ರಲ್ಲಿ ತಾಯಿ, ಮಲತಂದೆಯ ಮೇಲೆ ದಾವೆ ಹೂಡಿದ, ಕೊನೆಗೆ ದಕ್ಕಿದ್ದು ಸುಮಾರು 1,26,000 ಡಾಲರ್. ಅದರಿಂದಾಗಿ 1939ರಲ್ಲಿ, ಗಳಿಕೆಯ ಒಂದು ಪಾಲನ್ನು ಮಗುವಿಗಾಗಿ ಎತ್ತಿಡಿಸುವ ‘ಕೂಗನ್ ಕಾಯ್ದೆ’ ಕ್ಯಾಲಿಫೋರ್ನಿಯಾದಲ್ಲಿ ಬಂತು. ಆದರೆ ಅದು ಅನ್ವಯವಾಗುತ್ತಿದ್ದುದು ನ್ಯಾಯಾಲಯದ ಮುಂದೆ ಅನುಮೋದನೆಗೆ ಬಂದ ಕರಾರುಗಳಿಗೆ ಮಾತ್ರ. ಎಷ್ಟು ಎತ್ತಿಡಬೇಕು ಎಂಬುದೂ ನ್ಯಾಯಾಧೀಶರ ಇಚ್ಛೆಗೆ ಬಿಟ್ಟದ್ದು. ಕರಾರನ್ನು ನ್ಯಾಯಾಲಯಕ್ಕೆ ಒಯ್ಯದಿದ್ದರೆ ಕಾಯ್ದೆಯ ಗೊಡವೆಯೇ ಇಲ್ಲ. ಶರ್ಲಿಯ ಗಳಿಕೆ ಸುಮಾರು 32 ಲಕ್ಷ ಡಾಲರ್. ದೊಡ್ಡವಳಾಗಿ ಲೆಕ್ಕ ತೆಗೆದಾಗ ಅವಳ ಪಾಲಿಗೆ ಉಳಿದಿದ್ದು ಸುಮಾರು 44,000. ಅವಳ ಹೆಸರಿನಲ್ಲಿ ಹಣ ಕಾದಿಡುವ ಟ್ರಸ್ಟ್‌ಗೆ ಹೋಗಬೇಕಿದ್ದದ್ದೂ ಹೋಗಿರಲಿಲ್ಲ. ತಂದೆ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು ಎಂಬುದನ್ನೂ ಮರೆಯಬಾರದು. ಲೆಕ್ಕ ಬಾರದ ಮನೆಯಲ್ಲ ಅದು.

ಇದಕ್ಕಿಂತ ಆಳದ ನಷ್ಟ ಕಲೆಯದ್ದೇ. ಬಾಲಗಾಯಕಿಯ ದನಿ ಸಾಲವಾಗಿ ಬಂದದ್ದು. ಹುಡುಗರಂತೆ ಒಡೆಯದಿದ್ದರೂ ಹುಡುಗಿಯರ ಕಂಠವೂ ಹತ್ತು-ಹದಿನಾಲ್ಕರ ನಡುವೆ ಒಂದೆರಡು ಸ್ವರ ಕೆಳಗಿಳಿಯುತ್ತದೆ. ಧ್ವನಿತಂತುಗಳು ಹಿಂಬದಿಯಲ್ಲಿ ಪೂರ್ತಿ ಕೂಡದೆ ಗಾಳಿ ಸೋರಿ ದನಿ ಮಸುಕಾಗುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಶ್ರುತಿ ಇಳಿಸುವುದು, ಕಡಿಮೆ ಹಾಡುವುದು, ಕಾಯುವುದು. ಮಾರುಕಟ್ಟೆ ಕಾಯುವುದಿಲ್ಲ, ಅದಕ್ಕೆ ಆರು ವರ್ಷದ ದನಿಯೇ ಬೇಕು. ಚಿತ್ರದಿಂದ ಚಿತ್ರಕ್ಕೆ ಅದೇ ತಬ್ಬಲಿ, ಅದೇ ದೊಡ್ಡವರ ಜಗಳ ಬಿಡಿಸುವ ಪುಟಾಣಿ, ಅದೇ ಸುರುಳಿ. 1940ರಲ್ಲಿ ‘ದ ಬ್ಲೂ ಬರ್ಡ್’ ಸೋತಿತು. ಹದಿಹರೆಯದ ಪಾತ್ರಗಳಲ್ಲಿ ಅವಳು ಕೆಟ್ಟದಾಗೇನೂ ನಟಿಸಲಿಲ್ಲ. ಬೆಳೆದದ್ದನ್ನೇ ಪ್ರೇಕ್ಷಕರು ಕ್ಷಮಿಸಲಿಲ್ಲ.

ಅದೇ ಕಾಲದ ಹಾಲಿವುಡ್ ಗಾಯಕಿ-ನಟಿ ಜೂಡಿ ಗಾರ್ಲಂಡ್‌ಳನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡು ವರ್ಷಕ್ಕೆ ರಂಗದ ಮೇಲೆ, ಹದಿಮೂರಕ್ಕೆ ದೊಡ್ಡ ಸ್ಟುಡಿಯೋದ ಕರಾರು. ಎಚ್ಚರವಿರಲು ಒಂದು ಮಾತ್ರೆ, ನಿದ್ದೆಗೆ ಇನ್ನೊಂದು ಕೊಡುತ್ತಿದ್ದರು ಎಂದು ಮುಂದೆ ಆಕೆಯೇ ಹೇಳಿಕೊಂಡರು. 1969ರಲ್ಲಿ, 47ನೇ ವಯಸ್ಸಿನಲ್ಲಿ ನಿದ್ದೆಮಾತ್ರೆ ಮಿತಿಮೀರಿ ತೀರಿಕೊಂಡರು. ಗಂಟಲಿನ ಮಟ್ಟಿಗೆ ಶರ್ಲಿಗಿಂತ ಎಷ್ಟೋ ದೊಡ್ಡ ಗಾಯಕಿ. ಶರ್ಲಿ ಉಳಿದರು ಎಂಬ ಕಾರಣಕ್ಕೆ ದಾರಿ ಸುರಕ್ಷಿತ ಎಂದರೆ ಜೂಡಿಗೆ ಏನು ಹೇಳುವುದು?

ರಾಯಭಾರಿಯ ಗುಣಗಳು ಸೆಟ್‌ನಲ್ಲಿ ಬಂದವು ಎಂಬುದು ಚೆಂದದ ಊಹೆ. ಆದರೆ 1950ರಲ್ಲಿ ಸಿನಿಮಾ ಬಿಟ್ಟದ್ದಕ್ಕೂ ವಿಶ್ವಸಂಸ್ಥೆಗೆ ಹೋದದ್ದಕ್ಕೂ ನಡುವೆ ಹತ್ತೊಂಬತ್ತು ವರ್ಷಗಳಿವೆ. ನಡುವೆ ಕೆಲಕಾಲ ಟಿವಿಯಲ್ಲಿ ಮಕ್ಕಳ ಕಥಾಸರಣಿ ನಡೆಸಿದ್ದು ಬಿಟ್ಟರೆ, ಮನೆ, ಮಕ್ಕಳು, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದವರ ಪರ ಸಂಘಟನೆ, 1967ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ನಿಂತು ಸೋತ ಚುನಾವಣೆ. ಆ ಹೆಣ್ಣುಮಗಳು ರೂಪುಗೊಂಡದ್ದು ಆ ವರ್ಷಗಳಲ್ಲಿ ಎಂದು ನಾನು ನಂಬುತ್ತೇನೆ.

ಕೂಗನ್ ಕಾಯ್ದೆಯ ತೂತು ಮುಚ್ಚಲು ಅರವತ್ತು ವರ್ಷ ಹಿಡಿಯಿತು. 2000ದಿಂದ ಕ್ಯಾಲಿಫೋರ್ನಿಯಾದಲ್ಲಿ ಗಳಿಕೆ ಮಗುವಿನ ಸ್ವಂತ ಆಸ್ತಿ. ಒಟ್ಟು ಸಂಭಾವನೆಯ ಶೇ. 15ನ್ನು ಸಂಬಳ ಕೊಡುವವರೇ ನೇರವಾಗಿ ಟ್ರಸ್ಟ್ ಖಾತೆಗೆ ಕಟ್ಟಬೇಕು, 18 ತುಂಬುವವರೆಗೆ ಯಾರೂ ಮುಟ್ಟುವಂತಿಲ್ಲ. ಉಳಿದ ಶೇ. 85 ಈಗಲೂ ದೊಡ್ಡವರ ಕೈಯಲ್ಲೇ ಓಡಾಡುತ್ತದೆ.