ಅರ್ಧ ಗಂಟೆ ಮುಂದೆ

ನಮ್ಮ ಅಡುಗೆಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಸ್ಕೂಲ್ ಬಸ್ಸು ತಪ್ಪಬಾರದು ಅಂತ ಹೆಂಡತಿ ಹಾಗೆ ಇಟ್ಟಿದ್ದಾಳೆ. ಮುಂದಿರೋದು ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರೂ ಮನಸ್ಸಲ್ಲೇ ಹತ್ತು ಕಳೆದು, ಆರಾಮಾಗಿ ಇನ್ನೊಂದು ದೋಸೆ ಹಾಕಿಸಿಕೊಳ್ಳುತ್ತಾರೆ. ಬಸ್ಸು ತಪ್ಪುತ್ತದೆ.

ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಸ್ಯಾಂಡ್ರಿಂಗ್‌ಹ್ಯಾಮ್ ಅಂತ ಒಂದು ಸಣ್ಣ ಹಳ್ಳಿ. ಅರಮನೆಯವರು ಕ್ರಿಸ್‌ಮಸ್ ದಿನ ಚರ್ಚಿಗೆ ನಡೆದು ಹೋಗೋದನ್ನು ಟೀವಿಯಲ್ಲಿ ತೋರಿಸ್ತಾರಲ್ಲ, ಅದೇ ಊರು. ಅಲ್ಲಿನ ಎಸ್ಟೇಟನ್ನು 1862ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಮಗ ಎಡ್ವರ್ಡ್‌ಗೆಂದು ಕೊಂಡರು. ಆತನಿಗೆ ಹಕ್ಕಿ ಬೇಟೆಯ ಹುಚ್ಚು. ಆದರೆ ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಸೂರ್ಯನಿಗೆ ಹುಕುಂ ಮಾಡೋದಕ್ಕಾಗಲ್ಲ. ಗಡಿಯಾರಕ್ಕೆ ಮಾಡಬಹುದು, ಅಲ್ವಾ? ಎಸ್ಟೇಟಿನ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದೆ ಇಡಿಸಿದ. ಎಲ್ಲರೂ ಅರ್ಧ ಗಂಟೆ ಬೇಗ ಎದ್ದರು, ಬೇಗ ಬೇಟೆಗೆ ಹೊರಟರು. ಅದಕ್ಕೆ 'ಸ್ಯಾಂಡ್ರಿಂಗ್‌ಹ್ಯಾಮ್ ಟೈಮ್' ಅಂತಲೇ ಹೆಸರು ಬಂತು.

ಬೇಟೆ ಬರೀ ನೆಪ, ಹೆಂಡತಿ ಅಲೆಕ್ಸಾಂಡ್ರಾ ಎಲ್ಲದಕ್ಕೂ ತಡ ಮಾಡುತ್ತಿದ್ದಳು, ಅದಕ್ಕೇ ಈ ಉಪಾಯ ಅನ್ನುವವರೂ ಇದ್ದಾರೆ. ನನಗೆ ಇದೇ ಜಾಸ್ತಿ ಇಷ್ಟ.

ಪಾಪ, ಅತಿಥಿಗಳ ಪಾಡು ನೋಡಿ. ವುಲ್ಫರ್ಟನ್ ಸ್ಟೇಷನ್ನಿನಲ್ಲಿ ರೈಲಿಳಿದಾಗ ಗ್ರೀನಿಚ್ ಟೈಮು. ಗಾಡಿ ಹತ್ತಿ ಸ್ವಲ್ಪ ದೂರ ಬಂದು ಅರಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ಸುಮ್ನೆ ಅರ್ಧ ಗಂಟೆ ಮಾಯ! ಊಟದ ಮೇಜಿಗೆ ತಡವಾಗಿ ಬಂದು ಪೆಚ್ಚಾದವರು ಎಷ್ಟು ಜನವೋ.

ಮಗ ಐದನೇ ಜಾರ್ಜ್ ಇದನ್ನು ಹಾಗೇ ಉಳಿಸಿಕೊಂಡ. ಅವನು ಕಣ್ಣು ಮುಚ್ಚಿದ್ದೂ ಇದೇ ಮನೆಯಲ್ಲಿ, 1936ರ ಜನವರಿ 20ರ ರಾತ್ರಿ 11.55ಕ್ಕೆ. ಸ್ಯಾಂಡ್ರಿಂಗ್‌ಹ್ಯಾಮ್ ಟೈಮಿನ ಲೆಕ್ಕ ಹಿಡಿದರೆ ಆಗಲೇ 12.25, ತಾರೀಖೂ 21! ಅದೇ ರಾತ್ರಿ ಹೊಸ ರಾಜ ಎಂಟನೇ ಎಡ್ವರ್ಡ್ ಗಡಿಯಾರಗಳನ್ನೆಲ್ಲ ಸರಿ ಮಾಡಿ ಅಂದ. ಅಪ್ಪನ ಹಾಸಿಗೆ ಇನ್ನೂ ಆರಿರಲಿಲ್ಲ. ಅಷ್ಟು ಅವಸರ ಏನಿತ್ತೋ. ಆ ಗಡಿಯಾರಗಳ ಮೇಲೆ ಅವನಿಗೆ ಚಿಕ್ಕಂದಿನಿಂದಲೂ ಸಿಟ್ಟಿತ್ತೋ ಏನೋ.

ಈ ಕಥೆ ಮನೆಯಲ್ಲಿ ಹೇಳಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸ್ಟೂಲು ಹತ್ತಿ, ಮುಳ್ಳನ್ನು ಇನ್ನೂ ಇಪ್ಪತ್ತು ನಿಮಿಷ ಮುಂದೆ ತಿರುಗಿಸಿದಳು.